ಬಸ್‌ಸ್ಟ್ಯಾಂಡಿನಿಂದ ಎಷ್ಟು ಹೆಜ್ಜೆ?

ನನ್ನದು ಒಂದು ಜೆರಾಕ್ಸ್ ಅಂಗಡಿ. ನಮ್ಮೂರಿನ ಹಳೇ ನಾಡಕಚೇರಿ ಎದುರಿಗೆ, ಹತ್ತು ಅಡಿ ಅಗಲದ ಮಳಿಗೆ. ಜೆರಾಕ್ಸ್ ಜೊತೆಗೆ ಅರ್ಜಿ ಬರೆದುಕೊಡುತ್ತೇನೆ, ಆನ್‌ಲೈನ್‌ನಲ್ಲಿ ಹಾಕಿಯೂ ಕೊಡುತ್ತೇನೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ವಿಧವಾ ವೇತನ, ರೇಷನ್ ಕಾರ್ಡ್ ತಿದ್ದುಪಡಿ, ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಹೀಗೆ ಯಾವ ಕೆಲಸಕ್ಕೆ ಯಾವ ಕಾಗದ, ಯಾವ ಕಾಗದಕ್ಕೆ ಯಾವ ಕಚೇರಿ ಅನ್ನೋದು ಬಾಯಿಪಾಠ ಆಗಿಬಿಟ್ಟಿದೆ. ಅದಕ್ಕೇ ಇರಬೇಕು, ಊರಿಗೆ ಹೊಸ ತಾಲ್ಲೂಕು ಕಚೇರಿ ಕಟ್ಟುವ ಮಾತು ಬಂದಾಗ ನನ್ನನ್ನೂ ಸಭೆಗೆ ಕರೆದರು. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಅದರ ಹಿಂದೆ ಓಡಾಡಿದ್ದೇನೆ. ಬೇರೆ ಊರಲ್ಲೂ ಇಂಥ ಕಟ್ಟಡ ಬರುತ್ತಿರುತ್ತವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಆ ಓಡಾಟವನ್ನು ಇಲ್ಲಿ ಬರೆಯುತ್ತಿದ್ದೇನೆ.

2017ರ ಬಜೆಟ್‌ನಲ್ಲಿ ಸರ್ಕಾರ 49 ಹೊಸ ತಾಲ್ಲೂಕು ಘೋಷಿಸಿತಲ್ಲ, ಅದರಲ್ಲಿ ನಮ್ಮದೂ ಒಂದು. ಪಟಾಕಿ ಹೊಡೆದೆವು, ಸಿಹಿ ಹಂಚಿದೆವು. ನಾಡಕಚೇರಿಗೆ ಹೊಸ ಬೋರ್ಡ್ ಬಿತ್ತು, ತಹಶೀಲ್ದಾರರೂ ಬಂದರು. ಆದರೆ ಕಚೇರಿಗಳಿಗೆ ಜಾಗ ಎಲ್ಲಿದೆ? ತಾಲ್ಲೂಕು ಕಚೇರಿ ನಾಡಕಚೇರಿಯ ಮೂರು ಕೋಣೆಯಲ್ಲಿ. ಸರ್ವೆಯವರು ಎ.ಪಿ.ಎಂ.ಸಿ. ಯಾರ್ಡಿನ ಒಂದು ಗೋದಾಮಿನಲ್ಲಿ. ಆಹಾರ ಶಾಖೆ ಬಾಡಿಗೆ ಮನೆಯ ಮಹಡಿ ಮೇಲೆ, ಅದಕ್ಕೆ ಕಬ್ಬಿಣದ ಕಡಿದಾದ ಮೆಟ್ಟಿಲು. ಸಬ್ ರಿಜಿಸ್ಟ್ರಾರ್ ಕಚೇರಿ, ಖಜಾನೆ ಎರಡೂ ಹಳೇ ತಾಲ್ಲೂಕಿನಲ್ಲೇ ಉಳಿದವು, 28 ಕಿಲೋಮೀಟರ್ ದೂರ.

ಇದರಿಂದ ಏನಾಗುತ್ತಿತ್ತು ಅಂತ ಒಂದು ಉದಾಹರಣೆ ಹೇಳುತ್ತೇನೆ. ಅಪ್ಪ ತೀರಿಹೋದ ಮೇಲೆ ಅಣ್ಣ ತಮ್ಮ ಇಬ್ಬರು ಮೂರು ಎಕರೆ ಭಾಗ ಮಾಡಿಕೊಳ್ಳಬೇಕು ಅಂದುಕೊಳ್ಳಿ. ಮೊದಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಅದಕ್ಕೆ ಗ್ರಾಮ ಆಡಳಿತ ಅಧಿಕಾರಿ. ಆಮೇಲೆ 11ಇ ನಕ್ಷೆಗೆ, ಅಂದರೆ ಯಾರ ಭಾಗ ಎಲ್ಲಿ ಅಂತ ಅಳೆದು ತೋರಿಸುವ ನಕ್ಷೆಗೆ ಅರ್ಜಿ, ಅದು ಸರ್ವೆ. ನಕ್ಷೆ ಬಂದ ಮೇಲೆ ವಿಭಾಗ ಪತ್ರ ನೋಂದಣಿ, ಅದು ಸಬ್ ರಿಜಿಸ್ಟ್ರಾರ್. ಅಲ್ಲಿಂದ ಮತ್ತೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ನೋಡಿಕೊಳ್ಳುವ ಭೂಮಿ ಶಾಖೆಗೆ, ಖಾತೆ ಬದಲಾವಣೆ ಆಗಿ ಇಬ್ಬರ ಹೆಸರಿಗೂ ಬೇರೆ ಬೇರೆ ಪಹಣಿ ಬರುವವರೆಗೆ. ನಡುವೆ ಎಲ್ಲೋ ಒಂದು ಅಕ್ಷರ ತಪ್ಪಿದ್ದರೆ ಹಿಂದಕ್ಕೆ ಬಂದು ಶುರುವಿನಿಂದ. ಇವರು ಕೂಲಿ ಬಿಟ್ಟು ಬರುವವರು. ಸಕಾಲ ಕಾಯ್ದೆ 2011ರಲ್ಲಿ ಆಯಿತು, 2012ರಿಂದ ಜಾರಿಯಲ್ಲಿದೆ. ಅರ್ಜಿ ಇಷ್ಟು ದಿನದಲ್ಲಿ ಮುಗಿಯಬೇಕು ಅಂತ ಅದು ದಿನ ಎಣಿಸುತ್ತದೆ, ಅದರಿಂದ ಒಳ್ಳೆಯದೂ ಆಗಿದೆ. ಆದರೆ ಒಬ್ಬ ಮನುಷ್ಯ ಎಷ್ಟು ಸಲ ಬಸ್ ಹತ್ತಿ ಇಳಿದ ಅನ್ನೋದು ಅದರ ಲೆಕ್ಕಕ್ಕೆ ಬರುವುದಿಲ್ಲ.

2023ರ ಆಗಸ್ಟ್‌ನಲ್ಲಿ ಮೊದಲ ಸಭೆ. ಹೊಸ ಕಟ್ಟಡಕ್ಕೆ ಜಾಗ ಗುರುತಿಸುವುದು. ಈಗ ಇದಕ್ಕೆ ತಾಲ್ಲೂಕು ಆಡಳಿತ ಸೌಧ ಅಂತ ಹೆಸರು, ಜನ ಇನ್ನೂ ಮಿನಿ ವಿಧಾನಸೌಧ ಅಂತಲೇ ಕರೆಯುತ್ತಾರೆ. ಸಭೆಯಲ್ಲಿ ಎರಡು ಜಾಗದ ಮಾತು ಬಂತು. ಒಂದು, ಹೆದ್ದಾರಿ ಪಕ್ಕದ ಗೋಮಾಳ, ಐದು ಎಕರೆ, ಊರಿನಿಂದ ನಾಲ್ಕು ಕಿಲೋಮೀಟರ್. ಇನ್ನೊಂದು, ಊರ ನಡುವೆ ಇರುವ ಹಳೇ ಐ.ಬಿ. (ಸರ್ಕಾರಿ ಪ್ರವಾಸಿ ಬಂಗಲೆ) ಮತ್ತು ಅದರ ಹಿಂದಿನ ಪಾಳುಬಿದ್ದ ಶೆಡ್ಡುಗಳ ಜಾಗ, 54 ಗುಂಟೆ. ಒಂದು ಗುಂಟೆಗೆ 1,089 ಚದರ ಅಡಿ ಅಂದರೆ ಹತ್ತಿರ ಹತ್ತಿರ 58,800 ಚದರ ಅಡಿ ಆಯಿತು. ಅದು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಗೇ ಇದೆ.

ಸಭೆಯಲ್ಲಿ ಇದ್ದವರಲ್ಲಿ ಹೆಚ್ಚಿನವರು ಗೋಮಾಳವೇ ಆಗಲಿ ಅಂದರು. ಅವರ ಮಾತಿಗೂ ಅರ್ಥ ಇತ್ತು. ವಿಶಾಲ ಜಾಗ, ಮುಂದೆ ಇನ್ನೂ ಕಚೇರಿ ಬಂದರೆ ಕಟ್ಟಬಹುದು, ಕಾರು ನಿಲ್ಲಿಸಲು ತೊಂದರೆ ಇಲ್ಲ, ಊರೂ ಆ ಕಡೆ ಬೆಳೆಯುತ್ತದೆ. ನಾನು ಮೂಲೆಯಲ್ಲಿ ಕೂತಿದ್ದೆ. ಮಾತಾಡಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿ ಕೊನೆಗೆ ಎದ್ದು ನಿಂತು ಕೇಳಿದೆ: "ಸಾರ್, ಇಲ್ಲಿ ಕೂತಿರುವ ನಾವೆಲ್ಲ ಗಾಡಿಯಲ್ಲಿ ಬಂದಿದ್ದೇವೆ. ನಮ್ಮ ಕೌಂಟರ್ ಮುಂದೆ ನಿಲ್ಲುವವರು ಹೇಗೆ ಬರುತ್ತಾರೆ?"

ಒಬ್ಬರು ಹಿರಿಯರು ತಕ್ಷಣ ಅಂದರು, "ನಿನ್ನ ಅಂಗಡಿ ಐ.ಬಿ. ಹತ್ತಿರ ಇದೆಯಲ್ಲಮ್ಮ, ಅದಕ್ಕೇ ಹೀಗಂತೀಯ." ಆ ಮಾತು ನನಗೆ ನಾಟಿತು. ಸುಳ್ಳೇನೂ ಅಲ್ಲ ಅದು. ಕಚೇರಿ ದೂರ ಹೋದರೆ ನನ್ನ ವ್ಯಾಪಾರ ಹೋಗುತ್ತದೆ. ಎಲ್ಲರ ಮುಂದೆ ಒಪ್ಪಿಕೊಂಡೆ. "ಹೌದು ಸಾರ್, ನನಗೆ ಲಾಭ ಇದೆ. ಅದಕ್ಕೆ ನನ್ನ ಮಾತು ನಂಬಬೇಡಿ, ಬಂದವರನ್ನೇ ಕೇಳೋಣ. ನನಗೆ ಎರಡು ವಾರ ಟೈಮ್ ಕೊಡಿ." ತಹಶೀಲ್ದಾರರು ಒಪ್ಪಿದರು. ಅವರು ಅವತ್ತು ಸುಮ್ನೆ ತಲೆಯಾಡಿಸಿ ಮುಂದೆ ಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಪದವಿ ಕಾಲೇಜಿನ ಆರು ಮಕ್ಕಳನ್ನು ಜೊತೆ ಮಾಡಿಕೊಂಡೆ. ಎರಡು ವಾರ, ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಎಲ್ಲ ಕಚೇರಿ ಬಾಗಿಲಲ್ಲೂ ಒಬ್ಬೊಬ್ಬರು. ನಾಲ್ಕೇ ಪ್ರಶ್ನೆ. ಯಾವ ಊರು, ಹೇಗೆ ಬಂದಿರಿ, ಏನು ಕೆಲಸ, ಇದೇ ಕೆಲಸಕ್ಕೆ ಎಷ್ಟನೇ ಸಲ? ಹೆಸರು ಕೇಳಬಾರದು ಅಂತ ಮೊದಲೇ ಹೇಳಿದ್ದೆ, ಹೆಸರು ಕೇಳಿದರೆ ಜನ ಹೆದರುತ್ತಾರೆ. ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಬಸ್ಸಿನಲ್ಲಿ ಬಂದವರು. ಸಂತೆ ದಿನ ಗುರುವಾರ, ಅವತ್ತು ಜನ ಹೆಚ್ಚುಕಡಿಮೆ ದುಪ್ಪಟ್ಟು. ತರಕಾರಿ ಚೀಲದ ಜೊತೆಗೇ ಫೈಲು ಹಿಡಿದು ಬರುತ್ತಾರೆ. ಸಂತೆಗೆ ಬಂದಾಗಲೇ ಕಚೇರಿ ಕೆಲಸವನ್ನೂ ಮುಗಿಸಿಕೊಂಡು ಹೋಗುವುದು ನಮ್ಮ ಕಡೆ ತಲೆಮಾರಿನ ರೂಢಿ. ಇದನ್ನು ನಾನೂ ದಿನಾ ನೋಡುತ್ತಿದ್ದೆ, ಆದರೆ ಬರೆದುಕೊಂಡ ಮೇಲೇ ಅದರ ತೂಕ ಗೊತ್ತಾಗಿದ್ದು.

ಇನ್ನೊಂದು ಗಮನಕ್ಕೆ ಬಂದಿದ್ದು ಹೆಂಗಸರ ಸಂಖ್ಯೆ. ಆ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿತ್ತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮೊದಲೆಲ್ಲ ಗಂಡನನ್ನೋ ಮಗನನ್ನೋ ಕಾಯುತ್ತಿದ್ದವರು ಈಗ ತಾವೇ ಬರುತ್ತಿದ್ದರು. ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು, ವಯಸ್ಸಾದವರಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ ಹಣ ಮೂರು ತಿಂಗಳಿಂದ ನಿಂತಿದೆ ಅಂತ ಬಂದಿದ್ದರು. ಕಚೇರಿ ಹೆದ್ದಾರಿ ಹತ್ತಿರ ಹೋಗಬಹುದು ಅಂತ ಹುಡುಗಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ, "ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಹೋಗಬೋದಾ ತಾಯಿ?" ಅವರಿಗೆ ತಿಂಗಳಿಗೆ ಬರುವುದು 1,200 ರೂಪಾಯಿ. ನಾಲ್ಕು ಕಿಲೋಮೀಟರಿಗೆ ಆಟೋ, ಹೋಗಿ ಬರಲು ನಮ್ಮೂರಲ್ಲಿ 150ಕ್ಕೆ ಕಡಿಮೆ ಇಲ್ಲ. ಹಳ್ಳಿಯಿಂದ ಊರಿನವರೆಗೆ ಒಂದು ರೂಪಾಯಿ ಖರ್ಚಿಲ್ಲದೆ ಬಂದವರು ಕಚೇರಿ ಬಾಗಿಲು ಮುಟ್ಟಲು ಅಷ್ಟು ಕೊಡಬೇಕು. ಕೆಲಸ ಒಂದೇ ಸಲಕ್ಕೆ ಆಗುವುದೂ ಇಲ್ಲ.

ಅವತ್ತು ಸಂಜೆ ಆ ಅಜ್ಜಿಯ ಜೊತೆಗೇ ಬಸ್‌ಸ್ಟ್ಯಾಂಡಿನಿಂದ ಐ.ಬಿ. ಗೇಟಿನವರೆಗೆ ನಡೆದೆ. ಅವರ ನಡಿಗೆಯಲ್ಲಿ 412 ಹೆಜ್ಜೆ. ನಡುವೆ ಒಂದು ಸಲ ಕೂತರು.

ಕಾಲೇಜು ಮಕ್ಕಳು ಜನರ ಉತ್ತರ ಬರೆದುಕೊಂಡಿದ್ದ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ ಮುಂದಿನ ಸಭೆಯಲ್ಲಿ ಇಟ್ಟೆ. ನನ್ನ ಅಂಗಡಿಯ ಮಾತೆತ್ತಿದ ಹಿರಿಯರು ಒಂದೊಂದೇ ಹಾಳೆ ತಿರುವಿ ನೋಡಿದರು. "ನಮ್ಮ ಹಳ್ಳಿಯವರೇ ನಲವತ್ತು ಜನ ಇದ್ದಾರಲ್ಲೇ ಇದರಲ್ಲಿ" ಅಂದರು. ಅಲ್ಲಿಂದ ಆಚೆ ಅವರೇ ಐ.ಬಿ. ಜಾಗದ ಪರವಾಗಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದರು.

ಜಾಗ ಒಪ್ಪಿಗೆ ಆಗುವುದು ಅಷ್ಟು ಸುಲಭ ಇರಲಿಲ್ಲ. ಗೋಮಾಳ ಆಗಿದ್ದರೆ ಭೂಕಂದಾಯ ಕಾಯ್ದೆ 1964ರ ಕಲಂ 71ರಲ್ಲಿ ಜಿಲ್ಲಾಧಿಕಾರಿ ಸಾರ್ವಜನಿಕ ಉದ್ದೇಶಕ್ಕೆ ಅಂತ ಕಾಯ್ದಿರಿಸಿದರೆ ಆಯಿತು, ಆ ದಾರಿ ಸಲೀಸು. ಐ.ಬಿ. ಇರುವುದು ಬೇರೆ ಇಲಾಖೆಯ ಕೈಯಲ್ಲಿ. ಅವರ ಒಪ್ಪಿಗೆ ಬೇಕು, ಅವರಿಗೆ ಬದಲಿ ಜಾಗ ಬೇಕು, ಜಾಗದ ಗಡಿ ಸರ್ವೆ ಆಗಬೇಕು. ಸರ್ವೆ ಮಾಡಿದಾಗ ಒಂದು ಮೂಲೆಯಲ್ಲಿ ಮೂರು ಗುಂಟೆ ಒತ್ತುವರಿ ಸಿಕ್ಕಿತು. ತಹಶೀಲ್ದಾರರ ವರದಿ, ಉಪವಿಭಾಗಾಧಿಕಾರಿಯ ಸ್ಥಳ ಪರಿಶೀಲನೆ, ಅಲ್ಲಿಂದ ಜಿಲ್ಲಾಧಿಕಾರಿ ಕಚೇರಿ. ಹನ್ನೊಂದು ತಿಂಗಳು ಹಿಡಿಯಿತು. ನಡುವೆ ತಹಶೀಲ್ದಾರರಿಗೆ ವರ್ಗಾವಣೆ ಆಯಿತು. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಇಂಥ ಕೆಲಸಕ್ಕೆ ಇಳಿಯುವವರು ಪ್ರತಿ ಸಭೆಯ ನಡವಳಿಯ ಪ್ರತಿಯನ್ನು ತಪ್ಪದೆ ಕೇಳಿ ಪಡೆಯಿರಿ. ನಮ್ಮನ್ನು ಕಾಪಾಡಿದ್ದು ಆ ನಡವಳಿಗಳೇ. ಕಡತದಲ್ಲಿ ಇರದ ಒಂದು ಹಾಳೆ ನನ್ನ ಅಂಗಡಿಯ ಫೈಲಿನಲ್ಲಿ ಸಿಕ್ಕಿತ್ತು.

ಆಮೇಲೆ ನಕ್ಷೆಯ ಕೆಲಸ. ನನಗೆ ಬಹಳ ಇಷ್ಟವಾದ ಭಾಗ ಇದು.

ಮೊದಲು ಬಂದಿದ್ದು ಒಂದು ಮಾದರಿ ನಕ್ಷೆ. ನೆಲಮಹಡಿ, ಅದರ ಮೇಲೆ ಎರಡು ಮಹಡಿ, ಮೇಲೊಂದು ಗುಮ್ಮಟ, ಮುಂದೆ ಅಗಲವಾದ ಮೆಟ್ಟಿಲ ಸಾಲು. ನೋಡಿದ ತಕ್ಷಣ ಬೆಂಗಳೂರಿನ ವಿಧಾನಸೌಧ ನೆನಪಾಗುತ್ತಿತ್ತು. 1951ರಲ್ಲಿ ಕೆ.ಸಿ. ರೆಡ್ಡಿಯವರ ಕಾಲದಲ್ಲಿ ಶಂಕುಸ್ಥಾಪನೆ ಆಗಿ, ಕೆಂಗಲ್ ಹನುಮಂತಯ್ಯನವರ ಮುತುವರ್ಜಿಯಲ್ಲಿ 1956ರಲ್ಲಿ ಮುಗಿದ ಕಟ್ಟಡ ಅದು, ನಮಗೆಲ್ಲ ಹೆಮ್ಮೆ. ಅಲ್ಲಿನ ಮೆಟ್ಟಿಲು ಅದಕ್ಕೆ ಶೋಭೆ. ಆದರೆ ಅದು ಶಾಸನಸಭೆ ನಡೆಯುವ ಜಾಗ. ಇಲ್ಲಿ ಬರುವವರು ಮಂಡಿನೋವಿನ ಅಜ್ಜಿ, ಬಸುರಿ ಹೆಂಗಸು, ಊರುಗೋಲಿನ ರೈತ. ತಾಲ್ಲೂಕು ಕಚೇರಿಗೆ ಆ ಮೆಟ್ಟಿಲು ಯಾಕೆ? ಆ ನಕ್ಷೆಯಲ್ಲಿ ಪಿಂಚಣಿ ಶಾಖೆ ಎರಡನೇ ಮಹಡಿಯಲ್ಲಿತ್ತು. ನೋಡಿ ನನಗೆ ನಿಜವಾಗಿಯೂ ಸಂಕಟ ಆಯಿತು.

ಈ ಕೆಲಸಕ್ಕೆ ಇದ್ದ ಸಹಾಯಕ ಇಂಜಿನಿಯರ್ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತಂತೆ. ನನ್ನನ್ನು ಅಕ್ಕ ಅಂತ ಕರೆಯುತ್ತಿದ್ದಳು. ಒಂದು ಭಾನುವಾರ ದೊಡ್ಡ ಡ್ರಾಯಿಂಗ್ ತಂದು ನನ್ನ ಅಂಗಡಿಯ ಟೇಬಲ್ ಮೇಲೆ ಹಾಸಿದಳು. "ಅಕ್ಕಾ, ಜನ ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತ ಹೇಳಿ, ನಾನು ಗುರುತು ಮಾಡ್ತೀನಿ." ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದಾಯಿತು. ಆಗ ನನ್ನ ಹೊಲಿಗೆ ಡಬ್ಬಿಯಿಂದ ದಾರದ ಉಂಡೆ ತಂದೆ. ಮೂರೂ ಮಹಡಿಯ ಹಾಳೆಗಳನ್ನು ಥರ್ಮಾಕೋಲ್ ಮೇಲೆ ಅಂಟಿಸಿ, ಪ್ರತಿ ಕೌಂಟರಿಗೆ ಒಂದು ಗುಂಡುಪಿನ್ನು ಚುಚ್ಚಿ, ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ದಾರ ಎಳೆದೆವು. ಹಸಿರು ಪೌತಿ ಖಾತೆ, ಕೆಂಪು ಪಿಂಚಣಿ, ಹಳದಿ ರೇಷನ್ ಕಾರ್ಡ್, ನೀಲಿ ನೋಂದಣಿ.

ಹಸಿರು ದಾರ ನಾಲ್ಕು ಸಲ ಮೇಲೆ ಕೆಳಗೆ ಹೋಗಿ ಬಂತು. ಭೂಮಿ ಕೌಂಟರ್ ಕೆಳಗೆ, ದಾಖಲೆ ಕೊಠಡಿ ಎರಡನೇ ಮಹಡಿ, ಸರ್ವೆ ಒಂದನೇ ಮಹಡಿ. ಹಳೇ ಕೈಬರಹದ ಪಹಣಿ ನಕಲು ಬೇಕಾದರೆ ಗುಮಾಸ್ತರೂ ಮೇಲೆ ಹತ್ತಬೇಕು, ಅರ್ಜಿದಾರನೂ ಹತ್ತಬೇಕು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, "ಅಕ್ಕಾ, ದಾಖಲೆ ಕೊಠಡಿ ಹೆಂಗೂ ಕೆಳಗೇ ಇರಬೇಕು. ಕಾಗದದ ಹೊರೆ ತುಂಬ ಜಾಸ್ತಿ, ಮೇಲಿಟ್ಟರೆ ತೊಲೆ ಕಂಬ ಎಲ್ಲ ದಪ್ಪ ಮಾಡಬೇಕು, ಖರ್ಚು ಏರುತ್ತೆ" ಅಂದಳು. ನಾನು ಜನರ ಕಾಲಿನ ಕಡೆಯಿಂದ ಯೋಚಿಸುತ್ತಿದ್ದೆ, ಅವಳು ಕಂಬದ ಕಡೆಯಿಂದ. ಉತ್ತರ ಇಬ್ಬರಿಗೂ ಒಂದೇ ಬಂತು. ನನಗಾದ ಖುಷಿ ಹೇಳತೀರದು.

ಎಲ್ಲವನ್ನೂ ನೆಲಮಹಡಿಗೆ ತರಲು ಆಗುವುದಿಲ್ಲ. ಖಜಾನೆಗೆ ಭದ್ರತಾ ಕೊಠಡಿ, ಪೊಲೀಸ್ ಕಾವಲು ಬೇಕು, ಅದು ಕೆಳಗೇ. ನೋಂದಣಿಗೆ ಒಬ್ಬರು ಇಬ್ಬರು ಬರುವುದಿಲ್ಲ. ಕೊಡುವವರು, ಕೊಳ್ಳುವವರು, ಸಾಕ್ಷಿಗಳು ಸೇರಿ ಒಂದು ಪತ್ರಕ್ಕೆ ಆರೇಳು ಜನ. ಈಗ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬಹುದು, ಆದರೂ ಫೋಟೋ, ಹೆಬ್ಬೆಟ್ಟಿಗೆ ಎಲ್ಲರೂ ಬಂದು ಕೂರಲೇಬೇಕು. ಅದಕ್ಕೆ ಹಿಂಬದಿಯಲ್ಲಿ ಬೇರೆ ಬಾಗಿಲು, ಬೇರೆ ಕೂರುವ ಜಾಗ ಅಂತ ಆಯಿತು. ಪಿಂಚಣಿ, ಭೂಮಿ, ಆಹಾರ ಶಾಖೆ, ದಾಖಲೆ ಕೊಠಡಿ, ಇಷ್ಟೂ ಕೆಳಗೆ ಬಂದವು. ತಹಶೀಲ್ದಾರರ ಕೊಠಡಿ, ಚುನಾವಣಾ ಶಾಖೆ, ಸಭಾಂಗಣ ಮೇಲೆ ಹೋದವು. "ನನ್ನನ್ನು ನೋಡಲೂ ಜನ ಬರುತ್ತಾರಲ್ಲ" ಅಂದರು ತಹಶೀಲ್ದಾರರು. ಅದು ಸರಿಯಾದ ಮಾತೇ. ಕೆಳಗೆ ಒಂದು ಸಣ್ಣ ಅಹವಾಲು ಕೊಠಡಿ ಸೇರಿಸಿದೆವು, ಮೆಟ್ಟಿಲು ಹತ್ತಲಾಗದವರು ಬಂದರೆ ಅವರೇ ಇಳಿದು ಬರುವ ಹಾಗೆ. ಲಿಫ್ಟ್ ಇದೆ, ಆದರೆ ನಮ್ಮ ಕಡೆ ಕರೆಂಟ್ ನಂಬಿ ಕೂರಲು ಆಗುವುದಿಲ್ಲ.

ಸರ್ವೆ ಶಾಖೆ ಮಾತ್ರ ಕೆಳಗೆ ಹಿಡಿಸಲೇ ಇಲ್ಲ, ಒಂದನೇ ಮಹಡಿಯಲ್ಲೇ ಉಳಿಯಿತು. ಎಷ್ಟು ಕೂಡಿಸಿ ಕಳೆದರೂ ಜಾಗ ಸಾಲಲಿಲ್ಲ. ಪೋಡಿ (ಜಮೀನು ಅಳೆದು ಬೇರೆ ಮಾಡುವುದು), ಹದ್ದುಬಸ್ತಿಗೆ (ಗಡಿ ಗುರುತಿಸುವುದು) ಬರುವ ರೈತರು ಹತ್ತಿ ಇಳಿಯಬೇಕು. ಅದು ನನಗೆ ಇನ್ನೂ ಕೊರಗು.

ಇಳಿಜಾರಿನ ಲೆಕ್ಕ ನನಗೆ ಗೊತ್ತೇ ಇರಲಿಲ್ಲ, ಅವಳೇ ಕಲಿಸಿದಳು. ಗಾಲಿಕುರ್ಚಿ ಹೋಗುವ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇರಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಮಾದರಿ ನಕ್ಷೆಯಲ್ಲಿ ಕಟ್ಟಡದ ಪಾಯ ನೆಲದಿಂದ ಮೂರು ಅಡಿ ಎತ್ತರ ಇತ್ತು. ಅಂದರೆ 36 ಅಡಿ ಇಳಿಜಾರು, ನಡುವೆ ನಿಲ್ಲುವ ಜಾಗ ಬೇರೆ. ಅದಕ್ಕೆ ಜಾಗ ಇಲ್ಲ ಅಂತ ಮಾದರಿಯಲ್ಲಿ ಹಿಂದುಗಡೆ, ಜನರೇಟರ್ ಪಕ್ಕ, ಕಡಿದಾಗಿ ಹಾಕಿದ್ದರು. ನಮ್ಮದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದಕ್ಕೆ ಅಡಿಪಾಯ ಆಳಕ್ಕೆ ಹೋಗಲೇಬೇಕು. ಆದರೆ ಆಳಕ್ಕೆ ಹೋಗುವುದಕ್ಕೂ ಮೇಲೆ ಎತ್ತರಿಸುವುದಕ್ಕೂ ಸಂಬಂಧ ಇಲ್ಲ ಅಂತ ಅವಳು ಬಿಡಿಸಿ ಹೇಳಿದಳು. ಐ.ಬಿ. ಜಾಗ ರಸ್ತೆಗಿಂತ ತುಸು ಎತ್ತರದಲ್ಲಿದೆ, ಮಳೆನೀರು ನಿಲ್ಲುವುದಿಲ್ಲ. ಅದಕ್ಕೆ ಪಾಯವನ್ನು ಒಂದೂವರೆ ಅಡಿಗೆ ಇಳಿಸಿದರು. ಇಳಿಜಾರು 18 ಅಡಿಗೆ ಬಂತು, ಮುಂಬಾಗಿಲಿಗೇ ಬಂತು. ಮೆಟ್ಟಿಲು ಮೂರೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಹೋಗಿಬರುವ ಹಾಗಿರಬೇಕು ಅಂತ ಇದೆ. ಕಾನೂನಿಗೆ ಅಂತ ಒಂದು ಮೂಲೆಯಲ್ಲಿ ಕಟ್ಟುವುದಕ್ಕೂ ಎಲ್ಲರೂ ಬರುವ ಬಾಗಿಲಲ್ಲೇ ಕಟ್ಟುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಶೌಚಾಲಯದ ವಿಷಯಕ್ಕೆ ನಾನು ಜಗಳವನ್ನೇ ಆಡಿದೆ. ನಾನು ನೋಡಿದ ಕಚೇರಿಗಳಲ್ಲೆಲ್ಲ ಅದು ಒಳಗಿನ ಓಣಿಯ ಕೊನೆಗೆ, ಬೀಗ ಹಾಕಿ, ಕೀಲಿ ಯಾರದೋ ಜೇಬಲ್ಲಿ. ಬೆಳಿಗ್ಗೆ ಏಳಕ್ಕೆ ಹಳ್ಳಿ ಬಿಟ್ಟ ಹೆಂಗಸು ಸಂಜೆವರೆಗೆ ನೀರು ಕುಡಿಯದೆ ಕೂರುತ್ತಾಳೆ. ನನ್ನ ಅಂಗಡಿಗೆ ಬಂದು ಮೆಲ್ಲಗೆ ಕೇಳುತ್ತಾರೆ, "ಅಕ್ಕಾ, ಇಲ್ಲಿ ಎಲ್ಲಾದ್ರೂ..." ಪೂರ್ತಿ ಕೇಳಲೂ ನಾಚಿಕೆ. ಹಿಂದಿನ ನಮ್ಮ ಮನೆಗೆ ಕಳಿಸಿಕೊಡುತ್ತೇನೆ. ಕೊನೆಗೆ ಸಾರ್ವಜನಿಕರ ಶೌಚಾಲಯ ಗೇಟಿನ ಪಕ್ಕಕ್ಕೆ, ಹೊರಗಿನಿಂದಲೇ ಬಾಗಿಲು, ಪಟ್ಟಣ ಪಂಚಾಯಿತಿ ನಿರ್ವಹಣೆ ಅಂತ ತೀರ್ಮಾನ ಆಯಿತು. ನಿರ್ವಹಣೆಯ ಒಪ್ಪಂದ ಬರಹದಲ್ಲೇ ಆಗಬೇಕು ಅಂತ ಪಟ್ಟು ಹಿಡಿದೆ, ಆಯಿತು. ಮಗುವಿಗೆ ಹಾಲೂಡಿಸಲು ಒಂದು ಕೋಣೆಯೂ ಬಂತು, ಅದನ್ನು ಕೇಳಿದ್ದು ಎಣಿಕೆಗೆ ಬಂದಿದ್ದ ಕಾಲೇಜು ಹುಡುಗಿ.

ಜಾಗದ ನಡುವೆ ಒಂದು ದೊಡ್ಡ ಬೇವಿನ ಮರ ಇದೆ. ಅದನ್ನು ಉಳಿಸಲು ಕಟ್ಟಡವನ್ನು ಹನ್ನೆರಡು ಅಡಿ ಹಿಂದಕ್ಕೆ ಸರಿಸಿದರು. ಮರದ ಸುತ್ತ ಕಟ್ಟೆ, ಅಲ್ಲೇ ಅರ್ಜಿ ಬರೆಯುವವರಿಗೆ ನಾಲ್ಕು ಸಣ್ಣ ಮಳಿಗೆ, ಹರಾಜಿನಲ್ಲಿ ಕೊಡುತ್ತಾರೆ. ನಾನು ಅದಕ್ಕೆ ಹಾಕುತ್ತಿಲ್ಲ. ಸಭೆಯಲ್ಲಿ ಆ ಮಾತು ಬಂದ ದಿನವೇ ಹಾಗಂತ ಹೇಳಿಬಿಟ್ಟಿದ್ದೆ. ನನ್ನ ಹಳೇ ಮಳಿಗೆಯೂ ಅಲ್ಲಿಂದ ದೂರ ಇಲ್ಲ.

ಅಂದಾಜುಪಟ್ಟಿ ಮೂರು ಸಲ ಬದಲಾಯಿತು, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಇದೆಲ್ಲ ಇಲಾಖೆಯೊಳಗೆ ನಡೆಯಿತು. ಅದರ ಬಗ್ಗೆ ನಾನು ಹೇಳುವುದು ಹೆಚ್ಚೇನಿಲ್ಲ. ಹೋದ ತಿಂಗಳು ಪಾಯ ತೋಡಲು ಶುರು ಮಾಡಿದರು. ಸಬ್ ರಿಜಿಸ್ಟ್ರಾರ್ ಕಚೇರಿ ಇಲ್ಲಿಗೆ ಬರುವ ಆದೇಶ ಇನ್ನೂ ಆಗಿಲ್ಲ. ಅದಕ್ಕೆ ಅಂತ ಜಾಗ ಮಾತ್ರ ನಕ್ಷೆಯಲ್ಲಿ ಇಟ್ಟುಕೊಂಡಿದ್ದೇವೆ.

ಈಗ ಉಳಿದಿರುವುದು ರಸ್ತೆ. ಬಸ್‌ಸ್ಟ್ಯಾಂಡಿಗೂ ಐ.ಬಿ. ಗೇಟಿಗೂ ನಡುವೆ ಒಂದು ಜಿಲ್ಲಾ ಮುಖ್ಯರಸ್ತೆ ದಾಟಬೇಕು. ಲಾರಿಗಳು ಜೋರಾಗಿ ಬರುತ್ತವೆ. ಆ 412 ಹೆಜ್ಜೆಯಲ್ಲಿ ಇಪ್ಪತ್ತೆಂಟು ಹೆಜ್ಜೆ ಆ ರಸ್ತೆಯ ಮೇಲೆ. ಪಾದಚಾರಿ ದಾಟುವ ಪಟ್ಟಿ, ಎರಡೂ ಕಡೆ ಉಬ್ಬು, ನಡುವೆ ನಿಲ್ಲಲು ಒಂದು ಕಟ್ಟೆ ಬೇಕು ಅಂತ ಅರ್ಜಿ ಕೊಟ್ಟಿದ್ದೇವೆ. ಸ್ವೀಕೃತಿ ಕೈಯಲ್ಲಿದೆ, ಉತ್ತರ ಬಂದಿಲ್ಲ. ಗುರುವಾರ ಸಂತೆ ಜನ ಇರುವಾಗ ಇಂಜಿನಿಯರ್ ಹುಡುಗಿಯನ್ನೂ ಅವಳ ಮೇಲಿನವರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ ನಿಲ್ಲಿಸಬೇಕು ಅಂತ ಇದ್ದೇನೆ.